ಚಿಲಕವೂ ಕೀಲೂ ಒಂದೇ ಕಡೆ

ಭೂತಣ್ಣನ ದೆವ್ವಗಳಿಗೆ ಓದುಗರೆಲ್ಲ ಹೆದರಿದರೂ ಅವನ ಅಮ್ಮ ಮಾತ್ರ ಒಂದಕ್ಕೂ ಹೆದರಿದವಳಲ್ಲ. ದೆವ್ವದ ಚಿತ್ರಕಥೆ ಬರೆಯುವುದೇ ಕಸುಬಾದ್ದರಿಂದ ಪತ್ರಿಕೆಯ ಕಚೇರಿಯಲ್ಲಿ ಅವನಿಗೆ ಆ ಹೆಸರು ಬಿದ್ದಿತ್ತು. ಇಪ್ಪತ್ತು ವರ್ಷ ಪ್ರತಿ ಕಥೆಯನ್ನೂ ಮೊದಲು ಅಮ್ಮನಿಗೇ ತೋರಿಸಿದ್ದ. ಆಕೆ ಬೆರಳು ಒದ್ದೆ ಮಾಡಿಕೊಂಡು ಪುಟ ತಿರುಗಿಸಿ, "ಉಪ್ಪು ಸಾಲ್ದು ಕಣೋ" ಎನ್ನುತ್ತಿದ್ದಳು. ಆಮೇಲೆ ತಪ್ಪದೆ ಇನ್ನೊಂದು ಮಾತು: "ಬಾಗಿಲಿಗೆ ಚಿಲಕಾನೂ ಕೀಲೂ ಒಂದೇ ಕಡೆ ಬರ್ದಿದ್ದೀಯಲ್ಲೋ, ಪಾಪ, ದೆವ್ವ ಒಳಗೆ ಹೇಗೆ ಬರ್ಬೇಕು?" ಅವನದು ಅವಸರದ ಕೈ, ಆ ತಪ್ಪನ್ನು ಕೊನೆಗೂ ತಿದ್ದಿಕೊಳ್ಳಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು.

ಈಗ ಅಮ್ಮನಿಗೆ ಮರೆವು. ಜೊತೆಗಿರುವ ಮಗಳ ಗುರುತಿದೆ, ಎದುರುಮನೆಯ ಬೆಕ್ಕಿನ ಗುರುತೂ ಇದೆ, ಮಗನದು ಮಾತ್ರ ಇಲ್ಲ. ಐದು ತಿಂಗಳಿಂದ ಅವನು ಬಂದಾಗಲೆಲ್ಲ, "ಮೀಟರ್ ಬಾಗಿಲ ಹಿಂದಿದೆ, ನೋಡ್ಕೊಳ್ಳಿ" ಎನ್ನುತ್ತಾಳೆ. ಕರೆಂಟಿನ ಮೀಟರ್ ಓದುವವನೆಂದು ತಿಳಿದಿದ್ದಾಳೆ. ಬಹುವಚನ ಬೇರೆ! ಹೆತ್ತವಳು ಬನ್ನಿ ಹೋಗಿ ಎಂದರೆ ಯಾವ ಮಗ ತಡೆದಾನು?

ಒಂದೇ ಒಂದು ಸಲ "ಏನೋ" ಅನ್ನಲಿ, ಸಾಕು. ಅದಕ್ಕಾಗಿ ಅವನು ಹಳೆಯ ಕಥೆಗಳನ್ನೆಲ್ಲ ಹೊತ್ತು ತಂದ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಆಕೆಗೆ ಮೊದಲನೆಯದು ಮರೆತಿರುತ್ತಿತ್ತು. ದೆವ್ವ ಬರಲಿದೆ ಎಂಬುದೇ ನೆನಪಿಲ್ಲದವರಿಗೆ ಹೆದರಿಕೆ ಎಲ್ಲಿಂದ ಬರಬೇಕು?

ಕೊನೆಗೆ ಎಂಟು ಪುಟದ ಒಂದು ಪ್ರಯೋಗಕ್ಕೆ ಕೈಹಾಕಿದ. ಅದರಲ್ಲಿ ಒಂದೂ ಮಾತಿಲ್ಲ. ಅವರ ಹಳೆಯ ಅಡುಗೆಮನೆ, ಅದರಲ್ಲಿ ಅಮ್ಮ. ಪುಟಕ್ಕೊಂದು ವಸ್ತು ಮಾಯವಾಗುತ್ತದೆ: ಕುರ್ಚಿ, ಗಡಿಯಾರ, ಕಿಟಕಿ. ಕೊನೆಯ ಪುಟದಲ್ಲಿ ಬಾಗಿಲೊಂದು ಉಳಿದಿದೆ, ಅಮ್ಮನಿಗೆ ಮುಖವಿಲ್ಲ. ಬರೆಯುತ್ತ ಅವನೇ ಅತ್ತಿದ್ದ. ಬಿಡಿ ಹಾಳೆ ಕೊಟ್ಟರೆ ಆಕೆ ಮಡಚಿ ದಿಂಬಿನ ಕೆಳಗಿಡುತ್ತಾಳೆಂದು, ಅಚ್ಚಾದ ಸಂಚಿಕೆಯನ್ನೇ ಕೈಗಿಡಬೇಕೆಂದು ಕಾದ.

ಆ ಪತ್ರಿಕೆಯದು ಒಂದು ವಿಚಿತ್ರ ಪದ್ಧತಿ. ಸಂಚಿಕೆಗೆ ನಾಲ್ಕು ಕಥೆ, ಯಾವುದಕ್ಕೂ ಬರೆದವರ ಹೆಸರಿಲ್ಲ. ಭಯಕ್ಕೆ ವಿಳಾಸ ಇರಬಾರದು ಎಂದು ಸಂಪಾದಕರ ವಾದ. ಚಿತ್ರಗಳನ್ನಿಟ್ಟ ಲಕೋಟೆಯ ಮೇಲೂ ಪುಟಗಳ ಸಂಖ್ಯೆ ಮಾತ್ರ. ಮಾತುಗಳನ್ನು ಬಲೂನಿನಾಕಾರದ ಗುಳ್ಳೆಗಳಲ್ಲಿ ಬಿಡಿಯಾಗಿ ಬರೆದು, ಕತ್ತರಿಸಿ, ಚಿತ್ರಗಳ ಮೇಲೆ ಅಂಟಿಸುವ ಕೆಲಸ ಬಲೂನಕ್ಕನದು. ಆ ತಿಂಗಳು ದೆವ್ವದ ಕಥೆಗಳನ್ನೇ ಗೇಲಿ ಮಾಡುವ ಅಣಕು ಕಥೆಯೊಂದು ಬಂದಿತ್ತು: ತಲೆಯಿಲ್ಲದ ದೆವ್ವ ತನ್ನ ಕನ್ನಡಕ ಹುಡುಕುವುದು. ಅದೂ ಎಂಟೇ ಪುಟ.

ಅಚ್ಚಾದ ಸಂಚಿಕೆಯನ್ನು ಅವನು ಕಚೇರಿಯಲ್ಲೇ ಬಿಡಿಸಿದ. ತಲೆಯಿಲ್ಲದ ದೆವ್ವ ಮೂಕವಾಗಿ ಅಚ್ಚಾಗಿತ್ತು. ಅದರ ಮಾತೆಲ್ಲ ಅವನ ಅಮ್ಮನ ಬಾಯಲ್ಲಿತ್ತು. ಕುರ್ಚಿ ಹೋದ ಪುಟದಲ್ಲಿ, "ಇಲ್ಲೇ ಇಟ್ಟಿದ್ದೆ ಕಣ್ರೀ!" ಮುಖ ಹೋದ ಪುಟದಲ್ಲಿ, "ಕನ್ನಡಕ ಹಾಳಾಗ್ಲಿ, ತಲೆ ಎಲ್ಲಿಟ್ಟೆ?"

"ಎರಡರ ಮೇಲೂ ಎಂಟು ಅಂತ್ಲೇ ಇತ್ತು, ತಮ್ಮಾ," ಎಂದಳು ಬಲೂನಕ್ಕ. "ಮಾತೇ ಇಲ್ದೆ ಯಾರಾದ್ರೂ ಕಥೆ ಕೊಡ್ತಾರಾ?"

ಸಂಪಾದಕರು ಬೆಳಿಗ್ಗೆಯಿಂದ ಫೋನು ಮಾಡಿದ ಓದುಗರ ಪಟ್ಟಿ ಹಿಡಿದು ಬಂದರು. "ಭೂತಣ್ಣ, ಜನ ಬಿದ್ದೂ ಬಿದ್ದೂ ನಗ್ತಿದಾರೆ!"

"ಅದು ನಮ್ಮಮ್ಮ ಕಣ್ರೀ! ವಾಪಸ್ ತರ್ಸಿ, ಎಲ್ಲಾ ಪ್ರತೀನೂ ವಾಪಸ್ ತರ್ಸಿ!"

"ಆಗೋ ಮಾತಾ ಅದು? ನೋಡಿ, ಗೊತ್ತಿಲ್ದೇ ಇರೋರ ಅಣಕಕ್ಕೆ ಯಾರೂ ನಗಲ್ಲ. ಇಷ್ಟು ವರ್ಷ ನಿಮ್ಮ ದೆವ್ವಗಳನ್ನ ಓದಿದೋರಿಗೇ ಇಷ್ಟು ನಗು ಬರೋದು. ನೆನಪಿದೆ, ಅದಕ್ಕೇ ನಗ್ತಾರೆ. ಸಂಚಿಕೆ ಮನೆಗೂ ಬಂದಿರ್ಬೇಕಲ್ಲ, ನಿಮ್ಮಮ್ಮ ಏನಂದ್ರು?"

ಭೂತಣ್ಣ ಬಿದ್ದಂಬೀಳ ಅಮ್ಮನ ಮನೆಗೆ ಓಡಿದ. ಸಂಚಿಕೆ ಅಮ್ಮನ ಕೈ ಸೇರುವ ಮೊದಲೇ ಕಿತ್ತುಕೊಳ್ಳಬೇಕು. ಮೆಟ್ಟಿಲು ಹತ್ತುವಾಗಲೇ ಒಳಗಿನಿಂದ ನಗು ಕೇಳಿಸಿತು. ಅದು ಅಮ್ಮನ ನಗು. ಕೇಳಿ ವರ್ಷವಾಗಿತ್ತು.

"ಬೆಳಿಗ್ಗೆಯಿಂದ ಇದೇ ಕಣೋ," ಎಂದು ಅಕ್ಕ ಕಣ್ಣೊರೆಸಿಕೊಂಡಳು. "ಮುಗಿಸ್ತಾಳೆ, ಮತ್ತೆ ಮೊದಲಿಂದ ಓದ್ತಾಳೆ."

ಅಮ್ಮ ಅವನನ್ನು ನೋಡಿ ಕೈಬೀಸಿ ಕರೆದಳು. ಅವನು ಪಕ್ಕದಲ್ಲಿ ಕೂತ. ಆಕೆ ಕೊನೆಯ ಪುಟದ ಬಾಗಿಲ ಮೇಲೆ ಒದ್ದೆ ಬೆರಳಿಟ್ಟಳು.

"ನೋಡಿ ಇಲ್ಲಿ. ಚಿಲಕಾನೂ ಕೀಲೂ ಒಂದೇ ಕಡೆ! ನನ್ನ ಮಗ ಹೀಗೇ ಬರಿಯೋದು. ಅವನನ್ನೇ ಯಾರೋ ಅಣಕಿಸಿದಾರೆ, ಅವ್ನ ತಪ್ಪನ್ನೂ ಬಿಟ್ಟಿಲ್ಲ ನೋಡಿ!"

"ಅಮ್ಮಾ," ಎಂದ ಅವನು. "ಅಮ್ಮಾ, ನಾನೇ. ನಾನೇ ಬರ್ದಿದ್ದು."

ಆಕೆ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಅವನು ಕಣ್ಣು ಮಿಟುಕಿಸಲಿಲ್ಲ.

"ನೀವಾ?" ಎಂದಳು ಮೆಲ್ಲಗೆ. "ಚೆನ್ನಾಗಿದೆ. ಆದ್ರೆ ಅವ್ನಿಗೆ ತೋರಿಸ್ಬೇಡಿ, ಆಯ್ತಾ? ಯಾರಾದ್ರೂ ನಕ್ರೆ ಊಟ ಬಿಟ್ಟು ಕೂತ್ಬಿಡ್ತಾನೆ, ನನ್ ಕೂಸು."

"ಇಲ್ಲ, ತೋರಿಸಲ್ಲ," ಎಂದ.

"ಮೀಟರ್ ಬಾಗಿಲ ಹಿಂದಿದೆ."

ಅವನು ಎದ್ದು ಬಾಗಿಲ ಹಿಂದೆ ಹೋದ. ಗೋಡೆಗೆ ಹಣೆಯೊತ್ತಿ, ಅಳು ಕೇಳಿಸದಿರಲೆಂದು, ಮೀಟರಿನ ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದತೊಡಗಿದ.