ಬಾಣಂತಿಗೆ ದಿನಕ್ಕೆ ಮೂರು ಲೋಟ

ಇಟ್ಟಮಡುವಿನ ಜಯದೇವಪ್ಪನವರ ಮನೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಕುಕ್ಕರು ಕೂಗುತ್ತಿತ್ತು, ದೇವರಮನೆಯಿಂದ ಊದುಬತ್ತಿಯ ವಾಸನೆ ಬರುತ್ತಿತ್ತು. ಬಚ್ಚಲಲ್ಲಿ ನಾನು ಅವರ ಮಗಳು ಸ್ಪಂದನಾಗೆ ನೀರೆರೆಯುತ್ತಿದ್ದೆ. ಬಾಣಂತಿಯರಿಗೆ ಎಣ್ಣೆ ತಿಕ್ಕಿ ನೀರು ಹಾಕುವುದು ಮೂವತ್ತು ವರ್ಷದಿಂದ ನನ್ನ ಕಸುಬು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಸ್ಪಂದನಾಗೆ ಗಂಡುಮಗು ಹುಟ್ಟಿ ಅಂದಿಗೆ ಎಂಟು ದಿನ.

ತಲೆಯ ಮೇಲೆ ಬಿಸಿನೀರು ಸುರಿದಾಗ ಆ ಹುಡುಗಿ ಬಾಯಿ ತೆರೆದು, ಕೆನ್ನೆಯಲ್ಲಿ ಇಳಿಯುತ್ತಿದ್ದ ನೀರನ್ನು ನೆಕ್ಕಿದಳು. ಸೀಗೆಪುಡಿ ಬೆರೆತ ನೀರು ಅದು.

“ಬಾಯಿ ಮುಚ್ಕೊ ಮಗಳೇ, ನಿಮ್ಮಮ್ಮ ನೋಡಿದ್ರೆ ನನ್ನ ಬೈತಾರೆ,” ಅಂದೆ.

“ಒಂದೇ ಒಂದು ಗುಟುಕು ಅಜ್ಜಿ. ನಾಲಿಗೆ ಅಂಟ್ಕೋತಾ ಇದೆ.”

ನಾನು ಕೊಡಲಿಲ್ಲ. ಯಾವ ಮನೆಯಲ್ಲೂ ಕೊಟ್ಟಿರಲಿಲ್ಲ.

ಅವಳ ತಾಯಿ ನೀಲಗಂಗಮ್ಮ ಕೆಟ್ಟವರೆಂದು ತಿಳಿಯಬೇಡಿ. ಮಗಳಿಗಾಗಿ ತಾವೇ ತುಪ್ಪ ಕಾಯಿಸಿ, ಬೆಳ್ಳುಳ್ಳಿ ಹುರಿದು, ಮೆಣಸಿನ ಸಾರು ಮಾಡಿ ಪಕ್ಕದಲ್ಲೇ ಕೂತು ಉಣಿಸುತ್ತಿದ್ದರು. ನೀರು ಮಾತ್ರ ಮೂರು ಹೊತ್ತಿಗೆ ಮೂರು ಚಿಕ್ಕ ಲೋಟ. ಅದಕ್ಕಿಂತ ಹೆಚ್ಚು ಕುಡಿದರೆ ಹೊಟ್ಟೆ ಇಳಿಯುವುದಿಲ್ಲ, ಮಗುವಿಗೆ ಶೀತವಾಗುತ್ತದೆ ಎಂಬುದು ಅವರ ನಂಬಿಕೆ. ಚೆನ್ನಾಗಿ ನೀರು ಕುಡಿಯಿರಿ ಎಂದು ಆಸ್ಪತ್ರೆಯವರು ಕೊಟ್ಟಿದ್ದ ಕಾಗದ ಕ್ಯಾಲೆಂಡರಿನ ಹಿಂದೆ ಸೇರಿತ್ತು.

ಅಂದು ಗುರುವಾರ, ಅದೇ ದಿನ ತನ್ಮಯಿ ಎಂಬ ಹುಡುಗಿ ಬಂದಳು. ಜಯನಗರದವಳು, ಮಾನವಶಾಸ್ತ್ರ ಓದಿದವಳು. ಇಂಥ ಕಾಗದಗಳನ್ನು ಹಂಚಿಯೂ ಮನೆಗಳಲ್ಲಿ ಏಕೆ ಏನೂ ಬದಲಾಗುತ್ತಿಲ್ಲ ಎಂದು ತಿಳಿಯಲು ಒಂದು ಆರೋಗ್ಯ ಸಂಸ್ಥೆ ಅವಳನ್ನು ಕೆಲಸಕ್ಕೆ ಇಟ್ಟುಕೊಂಡಿತ್ತು.

ಜಯದೇವಪ್ಪ ಪೇಪರಿನಿಂದ ತಲೆ ಎತ್ತಿ, “ಮಾನವಶಾಸ್ತ್ರ ಅಂದ್ರೆ ಕಾಡುಜನರ ಮಧ್ಯ ಹೋಗಿ ಇರೋದಲ್ವೇನಮ್ಮ? ಇಟ್ಟಮಡುಗ್ಯಾಕೆ ಬಂದೆ?” ಅಂದರು.

“ಈಗ ಬಿಎಂಟಿಸಿ ಬಸ್ ಹೋಗೋ ಕಡೆನೂ ಕೆಲಸ ಕೊಡ್ತಾರೆ ಅಂಕಲ್,” ಎಂದು ನಕ್ಕಳು.

ಅವಳು ಉಪದೇಶ ಮಾಡಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತ, ಏನೇನು ಕೊಡ್ತೀರಿ, ಯಾವ ಲೋಟದಲ್ಲಿ ಕೊಡ್ತೀರಿ ಎಂದು ಕೇಳಿದಳು.

“ಹೆಚ್ಚು ನೀರು ಕೊಡಿ ಅನ್ನೋಕೆ ಬಂದಿದ್ದೀಯಾ? ನಿಂಗೆ ಮದ್ವೆ ಆಗಿದ್ಯಾ?” ಎಂದು ನೀಲಗಂಗಮ್ಮ ಕುಟುಕಿದರು.

“ಇಲ್ಲ ಆಂಟಿ. ಅದಕ್ಕೇ ಕೇಳಿ ತಿಳ್ಕೊಳ್ಳೋಣ ಅಂತ ಬಂದೆ. ಜೀರಿಗೆ ಕಷಾಯ ಕೊಡ್ತೀರಲ್ಲ, ಅದು ಶೀತನಾ?”

“ಅದು ನೀರಲ್ಲಮ್ಮ, ಔಷಧಿ. ಸಂಜೆ ಒಂದ್ಸಲ ಕೊಡ್ತೀನಿ.”

“ಔಷಧಿ ಅಂದ್ಮೇಲೆ ನಾಲ್ಕೈದು ಸಲ ಕೊಟ್ರೆ ತಪ್ಪಾಗುತ್ತಾ?”

ನೀಲಗಂಗಮ್ಮ ಸ್ವಲ್ಪ ಯೋಚಿಸಿದರು. “ಔಷಧಿಗೇನು ತಪ್ಪು? ಎಷ್ಟು ಕೊಡ್ಬೇಕು, ಹೇಳು.”

ತನ್ಮಯಿಯ ಮುಖ ಅರಳಿತು. ಆದರೆ ಅಳತೆ ಹೇಳಲಿಲ್ಲ. ಮೊದಲ ಭೇಟಿಯಲ್ಲಿ ಕೇಳಿಸಿಕೊಳ್ಳುವುದಷ್ಟೇ, ಸಲಹೆ ಕೊಡಬಾರದು ಎಂಬುದು ಅವರ ಆಫೀಸಿನ ಕಟ್ಟಳೆಯಂತೆ. “ನಾನು ಡಾಕ್ಟರಲ್ಲ ಆಂಟಿ. ನಮ್ಮ ಡಾಕ್ಟರ ಕೈಲಿ ಬರೆಸ್ಕೊಂಡು ಸೋಮವಾರ ಬರ್ತೀನಿ.”

ಬಚ್ಚಲಲ್ಲಿ ಕಂಡದ್ದನ್ನು ನಾನು ಅವಳಿಗೆ ಹೇಳಬಹುದಿತ್ತು. ಕೆಲಸ ಹೋದೀತೆಂದು ಸುಮ್ಮನಿದ್ದೆ.

ಶನಿವಾರ ಸ್ಪಂದನಾ ತಲೆ ಸಿಡಿಯುತ್ತಿದೆ ಎಂದಳು. ಶೀತ ಹತ್ತಿದೆ ಎಂದು ನೀಲಗಂಗಮ್ಮ ಹಣೆಗೆ ಶುಂಠಿ ಅರೆದು ಹಚ್ಚಿ, ಕಿವಿಗೆ ಹತ್ತಿಯಿಟ್ಟು, ಬಟ್ಟೆ ಬಿಗಿದು ಕಟ್ಟಿದರು. ಮೂರನೆಯ ಲೋಟವನ್ನೂ ನಿಲ್ಲಿಸಿದರು. ಭಾನುವಾರ ಬೆಳಿಗ್ಗೆ ಮಗುವಿಗೆ ಹಾಲೂಡಿಸುತ್ತಿದ್ದ ಹಾಗೇ ಅವಳ ಕೈಕಾಲು ಸೆಟೆದವು. ಮಗುವನ್ನು ನಾನು ಹಿಡಿದುಕೊಂಡೆ. ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದರು. ಗಂಡ ಬಸವಪ್ರಸಾದ್ ದಾವಣಗೆರೆಯಿಂದ ಬರುವಷ್ಟರಲ್ಲಿ ಅವಳ ಮಾತು ನಿಂತಿತ್ತು. ಮೆದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಬಾಣಂತಿಯರಿಗೆ ಹೀಗಾಗುವುದುಂಟು, ಮೈಯಲ್ಲಿ ನೀರಿಲ್ಲದಿದ್ದರೆ ಅಪಾಯ ಇನ್ನೂ ಹೆಚ್ಚು ಎಂದರು ಡಾಕ್ಟರು.

ಸೋಮವಾರ ತನ್ಮಯಿ ಹೇಳಿದಂತೆಯೇ ಬಂದಳು. ಮನೆಯಲ್ಲಿ ಮಗುವಿನ ಜೊತೆ ನಾನೊಬ್ಬಳೇ ಇದ್ದೆ. ಅವಳ ಕೈಯ ಚೀಟಿಯನ್ನು ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರದಲ್ಲಿ ಕೂಡಿಸಿ ಕೂಡಿಸಿ ಓದಿದೆ: ಎದ್ದಿರುವಾಗ ಗಂಟೆಗೊಂದು ದೊಡ್ಡ ಲೋಟ ಜೀರಿಗೆ ಕಷಾಯ. ವಿಷಯ ತಿಳಿಸಿದೆ. ಅವಳು ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು.

ಮಂಗಳವಾರ ಮಧ್ಯಾಹ್ನ ಸ್ಪಂದನಾ ತೀರಿಕೊಂಡಳು. ಅವಳಿಗೆ ಇಪ್ಪತ್ತಾರು.

ಕಾರ್ಯಗಳು ಮುಗಿದ ಮೇಲೆ ತನ್ಮಯಿ ಮಾತಾಡಿಸಲು ಬಂದಳು. ಬಂದಿದ್ದ ನೆಂಟರು, ಬಚ್ಚಲ ಬಾಗಿಲು ತೆರೆದಿತ್ತೇನೋ, ಗಾಳಿ ಸೋಕಿತು ಎನ್ನುತ್ತಿದ್ದರು. “ಎಲ್ಲಾ ಪಥ್ಯ ಕಟ್ಟುನಿಟ್ಟಾಗೇ ಮಾಡಿದ್ಳಲ್ಲ ನಮ್ಮ ಗಂಗಮ್ಮ,” ಎಂದು ಜಯದೇವಪ್ಪನವರ ಅಕ್ಕ ಸಮಾಧಾನ ಹೇಳುತ್ತಿದ್ದರು.

ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ನೀಲಗಂಗಮ್ಮ ತನ್ಮಯಿಯ ಕಡೆ ತಿರುಗಿದರು. ಬೈಯಲಿಲ್ಲ, ಅಳಲೂ ಇಲ್ಲ.

“ಔಷಧಿ ತಾನೆ, ಅಳತೆ ಹೇಳಿದ್ರೆ ಅವತ್ತೇ ಕೊಡ್ತಿದ್ನಲ್ಲಮ್ಮ,” ಅಂದರು. “ಕೇಳಿದ್ನಲ್ಲ ನಾನು, ಎಷ್ಟು ಅಂತ.”

ನಾನು ಗೋಡೆಗೆ ಒರಗಿ ನಿಂತಿದ್ದೆ. ಸ್ಪಂದನಾಳ ನಾಲಿಗೆ ಒಣಗುತ್ತಿದ್ದುದು ತನ್ಮಯಿ ಬಂದು ಕೇಳುವ ಮೊದಲೇ, ಏನೂ ಕೇಳದೆಯೇ, ಗೊತ್ತಿದ್ದವಳು ನಾನು.