ಒಂದು ಮಗುವಿಗೆ ಬಾಟ್ಲಿ ಒಡೆಯುವುದಿಲ್ಲ

"ಅಷ್ಟು ಚೆಂದ ಮಾಡಿ ಮಾತಾಡ್ಬೇಡ ಮಾರಾಯ್ತಿ! ಟೀಚರ್ ಪಾರ್ಟು ಕೊಟ್ಟದ್ದಾ ನಿನಗೆ? ಕಾಲನಿಯವಳ ಹಾಗೆ ಮಾತಾಡು."

ಕರುಣಾಕರ ನಮ್ಮ ಕಡೆಯ ಹೆಲ್ತ್ ಸೂಪರ್‌ವೈಸರ್. ಮಣಿಪಾಲದ ಒಂದು ಹೋಟೆಲಿನ ಹಿಂಬದಿಯಲ್ಲಿ, ಎಂಜಲು ಬಕೆಟ್ಟುಗಳ ಪಕ್ಕ ನನ್ನ ಅಕ್ಕ ಅಪ್ಪಿಯನ್ನು ನಿಲ್ಲಿಸಿ ನಾಟಕ ಕಲಿಸುತ್ತಿದ್ದ. ಒಳಗೆ ಎಸಿ ಹಾಲಿನಲ್ಲಿ ಕಾಪು, ಕಾರ್ಕಳ, ಉಡುಪಿಯ ಡಾಕ್ಟರುಗಳಿಗೂ ನರ್ಸುಗಳಿಗೂ ಲಸಿಕೆಯ ಟ್ರೈನಿಂಗು. ಲಸಿಕೆ ಬೇಡವೆಂದು ಹಟ ಮಾಡುವ ತಾಯಿಯನ್ನು ಒಪ್ಪಿಸುವುದು ಹೇಗೆಂದು ಅವರಿಗೆ ಕಲಿಸಬೇಕಿತ್ತು. ಅದಕ್ಕೊಬ್ಬಳು ಹಟದ ತಾಯಿ ಬೇಕಿತ್ತು. ಕಾಪುವಿನಿಂದ ಅಕ್ಕನನ್ನು ಜೀಪಿನಲ್ಲಿ ತಂದಿದ್ದರು. ಆದಿ ಉಡುಪಿಯ ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊರುವ ನಾನು, ಅಂದಿನ ಕೆಲಸ ಬಿಟ್ಟು ಜೊತೆಗೆ ಹತ್ತಿದ್ದೆ.

ಅವನ ಕಣ್ಣು ಅಕ್ಕನ ತಲೆಗೆ ಹೋಯಿತು. "ಮಲ್ಲಿಗೆ ಬೇರೆ! ಮದುವೆಗೆ ಬಂದದ್ದಾ? ತೆಗಿ."

ಅಕ್ಕ ಶಂಕರಪುರದಲ್ಲಿ ಬೇರೆಯವರ ತೋಟದ ಮಲ್ಲಿಗೆ ಕಟ್ಟುವವಳು. ರಾಶಿ ರಾಶಿ ಕಟ್ಟಿದರೂ ಒಂದು ಮೊಗ್ಗು ಮುಡಿಯುವವಳಲ್ಲ. ಪೇಟೆಗೆ ಬರುವುದೆಂದು ಅಂದು ಬೆರಳುದ್ದ ಮುಡಿದಿದ್ದಳು. ತೆಗೆದುಕೊಟ್ಟಳು. ಅವನು ಎರಡು ಬೆರಳಿನಲ್ಲಿ ಹಿಡಿದು ಎಂಜಲು ಬಕೆಟ್ಟಿಗೆ ಹಾಕಿದ.

"ಕೂದಲು ಸ್ವಲ್ಪ ಕೆದರಿಸು. ಹಾಂ, ಈಗ ಸರಿ. ಹೇಳು ನೋಡುವ: ಸೂಜಿ ಹಾಕಿದ್ರೆ ದೈವಕ್ಕೆ ಕೋಪ ಬರ್ತದೆ, ನಾವು ಹಾಕಿಸುವುದಿಲ್ಲ."

"ಯಾವ ದೈವಕ್ಕೆ ಸರ್?"

"ನಿಮ್ಮದು ಯಾವುದಾದ್ರೂ ಉಂಟಲ್ಲ!"

"ನಮ್ಮ ದೈವ ಸೂಜಿ ಬೇಡ ಅಂತ ಯಾವತ್ತೂ ಹೇಳ್ಲಿಲ್ಲ. ಬೇಡ ಅಂದದ್ದು ನೀವು."

ನನಗೆ ನಗು ಬಂತು. "ನೀನೆಂತ ಹಲ್ಲು ಕಿಸಿಯುವುದು?" ಎಂದು ನನ್ನ ಮೇಲೆ ಹಾರಿದ.

ಅಕ್ಕ ಹೇಳಿದ್ದು ಸುಳ್ಳಲ್ಲ. ಅವಳ ಮಗಳು ಧೃತಿಗೆ ಒಂಬತ್ತು ತಿಂಗಳು ತುಂಬಿದಾಗಲೇ ದಡಾರದ ಲಸಿಕೆ ಆಗಬೇಕಿತ್ತು. ಕೂಲಿ ಬಿಟ್ಟು ಹೋದಾಗಲೆಲ್ಲ ಇವನದ್ದು ಒಂದೇ ಮಾತು: "ಒಂದು ಮಗುವಿಗೆ ಬಾಟ್ಲಿ ಒಡೆಯುವುದಿಲ್ಲ. ಒಂದರಲ್ಲಿ ಐದು ಮಕ್ಕಳ ಮದ್ದು ಉಂಟು, ಒಡೆದು ಉಳಿದದ್ದು ವೇಸ್ಟ್ ಆದ್ರೆ ನನ್ನನ್ನು ಕೇಳ್ತಾರೆ. ನಾಲ್ಕು ಮಕ್ಕಳು ಸೇರ್ಲಿ, ಆಗ ಬಾ." ಧೃತಿಗೆ ಈಗ ವರ್ಷ ತುಂಬುತ್ತಾ ಬಂತು. ಕಳೆದ ವಾರ ಕಾಲನಿಯ ಕೊನೆಯ ಮನೆಯ ಮಗುವಿಗೆ ಮೈಯಿಡೀ ಕೆಂಪಗೆ ಎದ್ದು, ಕಣ್ಣು ಅಂಟಿಕೊಂಡು, ಉಸಿರು ಎಳೆಯತೊಡಗಿತು. ಇವನು ಅಂಗಳದಲ್ಲೇ ನಿಂತು ನೋಡಿ, "ಅದು ಬೆವರುಸಾಲೆ. ದಡಾರ ಅಂತ ಊರಿಡೀ ಹೇಳಿಕೊಂಡು ಬರ್ಬೇಡಿ" ಎಂದು ಹೋದ. ಆ ಮಗು ಈಗ ಆಸ್ಪತ್ರೆಯಲ್ಲಿದೆ. ಅಂದಿನಿಂದ ಅಕ್ಕ ರಾತ್ರಿಯೆಲ್ಲ ಧೃತಿಯ ಹಣೆ ಮುಟ್ಟಿ ನೋಡುವುದೇ ಕೆಲಸ. "ನಾಟಕಕ್ಕೆ ಬಾ, ಅಲ್ಲೇ ಸೂಜಿ ಹಾಕಿಸ್ತೇನೆ" ಎಂದು ಇವನು ಆಸೆ ತೋರಿಸಿದ್ದಕ್ಕೇ ಅವಳು ಬಂದದ್ದು.

ಧೃತಿ ನಾನು ಹೆಗಲಿಗೆ ಹಾಕುವ ಬೈರಾಸಿನ ಮೇಲೆ ನೆಲದಲ್ಲಿ ನಿದ್ದೆ ಹೋಗಿದ್ದಳು. ಒಳಗೆ ಹೊರಟ ಕರುಣಾಕರ ಅವಳ ಹತ್ತಿರ ಬಂದು ಗಕ್ಕನೆ ನಿಂತ.

"ದಾರಿಯಲ್ಲಿ ಮಲಗಿಸಿದ್ದೀಯಲ್ಲ ಬೇವರ್ಸಿ! ಕೂಸನ್ನು ದಾಟಿದ್ರೆ ಅದು ಬೆಳೆಯುವುದಿಲ್ಲ, ಗೊತ್ತಿಲ್ವಾ? ಆ ಪಾಪ ನನ್ನ ತಲೆಗೆ ಬರ್ಬೇಕಾ?"

ಗೋಡೆಗೆ ಅಂಟಿಕೊಂಡು, ಬಕೆಟ್ಟುಗಳ ನಡುವೆ ನುಸುಳಿ, ಪ್ಯಾಂಟಿಗೆ ಹಳಸಿದ ಸಾಂಬಾರು ಮೆತ್ತಿಸಿಕೊಂಡು ಸುತ್ತಿ ಹೋದ.

ಧೃತಿಯನ್ನು ಎತ್ತಿಕೊಂಡು ಒಳಗೆ ಹೋದರೆ ಹಾಲಿನಲ್ಲಿ ನಮಗೆ ಕುರ್ಚಿ ಇರಲಿಲ್ಲ. ಗೋಡೆಗೆ ಒರಗಬೇಡಿ, ಪೇಂಟು ಹೊಸತು ಎಂದರು. ಪಾಠ ಮಾಡುತ್ತಿದ್ದವರು ಡಾಕ್ಟರ್ ನೆವಿಲ್. ಪರದೆಯ ಮೇಲೆ ದಡಾರ ಬಂದ ಮಕ್ಕಳ ಕಣ್ಣು, ಬಾಯಿ, ಒಂದರ ಹಿಂದೊಂದು. ಮುಂದಿನ ಸಾಲಿನವರು ಬಿಸ್ಕತ್ತು ಜಗಿಯುತ್ತ ನೋಡುತ್ತಿದ್ದರು.

ನೆವಿಲ್ ವೇದಿಕೆಯಿಂದ ಇಳಿದು ಬಂದರು. ಅಕ್ಕನನ್ನು ಒಂದು ಮಾತು ಕೇಳದೆ ಧೃತಿಯ ಅಂಗಿ ಸರಿಸಿ, ಹುಟ್ಟಿದಾಗ ಹಾಕಿದ ಸೂಜಿಯ ಕಲೆ ಎಲ್ಲರಿಗೂ ತೋರಿಸಿದರು. ಬಾಯಿ ಅಗಲಿಸಿ ಟಾರ್ಚು ಬಿಟ್ಟರು. "ದಡಾರದ ಬಿಳಿ ಚುಕ್ಕೆ ಹುಡುಕುವುದು ಇಲ್ಲಿ, ಕೆನ್ನೆಯ ಒಳಬದಿ. ಬನ್ನಿ, ನೋಡಿ ಕಲಿಯಿರಿ."

ಸಾಲಾಗಿ ಬಂದರು. ರಬ್ಬರು ಗವಸಿನ ಬೆರಳುಗಳು ಒಂದಾದ ಮೇಲೊಂದು ಅದೇ ಬಾಯಿಗೆ. ಸಂತೆಯಲ್ಲಿ ಎಮ್ಮೆಯ ಹಲ್ಲನ್ನೂ ಇಷ್ಟು ಜನ ನೋಡುವುದಿಲ್ಲ. ಧೃತಿ ಕೂಗಿ ಕೂಗಿ ಕಕ್ಕಿದಳು. ಕಕ್ಕಿದ್ದು ಗವಸಿಗೆ ತಾಗಿದವನು "ಛೀ" ಎಂದು ಅದನ್ನು ಕಳಚಿ ಬಿಸಾಡಿ, ಬಿಸ್ಕತ್ತಿನ ತಟ್ಟೆಗೆ ಕೈ ಹಾಕಿದ. ಅಕ್ಕ ಸೆರಗಿನಿಂದ ನೆಲ ಒರೆಸಿದಳು. ಒರೆಸು ಎಂದು ಯಾರೂ ಹೇಳಿರಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು, ಅಷ್ಟೆ.

"ಇನ್ನೊಂದು ನೆನಪಿರಲಿ." ನೆವಿಲ್ ಮತ್ತೆ ಮೈಕು ಹಿಡಿದರು. "ಒಂದೇ ಮಗು ಬಂದರೂ ಬಾಟ್ಲಿ ಒಡೆಯಬೇಕು. ಉಳಿದದ್ದು ಹಾಳಾದರೆ ಆಗಲಿ. ಮಗುವನ್ನು ಹಿಂದೆ ಕಳಿಸುವ ಹಾಗಿಲ್ಲ. ಇದು ನಿಯಮ."

ಎಲ್ಲರೂ ಬರೆದುಕೊಂಡರು. ಕರುಣಾಕರನೂ ಬರೆದುಕೊಂಡ. ಅಕ್ಕ ಅವನ ಪೆನ್ನನ್ನೇ ನೋಡುತ್ತಿದ್ದಳು.

ನಾಟಕ ಶುರುವಾಯಿತು. ಜೆನಿಫರ್ ಎಂಬ ಚಿಕ್ಕ ಪ್ರಾಯದ ನರ್ಸು ಒಂದು ಕೈಯಲ್ಲಿ ಸಿರಿಂಜು, ಇನ್ನೊಂದರಲ್ಲಿ ಬಾಟ್ಲಿ ಹಿಡಿದು ಎದುರು ಬಂದಳು. "ಅಮ್ಮಾ, ಮಗುವಿಗೆ ದಡಾರದ ಲಸಿಕೆ ಹಾಕುವ, ಅಲ್ವಾ?"

ಅಕ್ಕ ಧೃತಿಯ ಬಲ ತೋಳು ಮುಂದೆ ಮಾಡಿದಳು. "ಹಾಕಿ."

ಹಾಲಿಡೀ ನಕ್ಕಿತು.

"ಬೇಡ ಅನ್ನು!" ಕರುಣಾಕರ ಬದಿಯಿಂದ ಹಲ್ಲು ಕಚ್ಚಿದ. "ದೈವ! ದೈವ ಹೇಳು!"

"ಬೇಡ ಅಂತ ನಾನ್ಯಾಕೆ ಹೇಳ್ಬೇಕು? ಒಂದು ಮಗುವಿಗೆ ಬಾಟ್ಲಿ ಒಡೆಯುವುದಿಲ್ಲ ಅಂತ ಓಡಿಸಿದ್ದು ನೀವು. ಒಡೀಬೇಕು ಅಂತ ಈ ಡಾಕ್ಟ್ರು ಈಗಷ್ಟೇ ಹೇಳಿದ್ರಲ್ಲ, ನೀವೂ ಬರ್ಕೊಂಡ್ರಿ. ಒಡೀರಿ."

ನಗು ನಿಂತಿತು. ಜೆನಿಫರ್ ಬಾಟ್ಲಿಯನ್ನು ನೋಡಿದಳು, ನೆವಿಲ್‌ರನ್ನು ನೋಡಿದಳು. "ಸರ್... ಇದರಲ್ಲಿ ನೀರು."

ನೆವಿಲ್ ನಕ್ಕರು. "ಇದು ಬರೀ ಟ್ರೈನಿಂಗ್ ಅಮ್ಮಾ. ನಿಜವಾದ ಲಸಿಕೆ ನಿಮ್ಮ ಊರಲ್ಲೇ ಸಿಗ್ತದೆ. ಇವರನ್ನೇ ಕೇಳಿ." ಕೈ ಕರುಣಾಕರನ ಕಡೆಗಿತ್ತು. "ಆಕ್ಟಿಂಗ್ ಮಾತ್ರ ಫಸ್ಟ್ ಕ್ಲಾಸ್. ಎಲ್ಲರೂ ಒಂದು ಚಪ್ಪಾಳೆ ಹೊಡೆಯಿರಿ. ಊಟಕ್ಕೆ ಹೋಗುವ."

ಚಪ್ಪಾಳೆ ಹೊಡೆದರು. ಹೊರಗಿನಿಂದ ಅಂಜಲ್ ಮೀನಿನ ಫ್ರೈಯ ವಾಸನೆ ಬಂತು. ಕುರ್ಚಿಗಳು ಸರಿದವು.

"ಚಂದು, ಬೈರಾಸು ಕೊಡು," ಎಂದಳು ಅಕ್ಕ.

ಆ ಹಾಲಿಗೆ ತೆರೆದಿದ್ದ ಬಾಗಿಲು ಒಂದೇ. ಅಕ್ಕ ಎಲ್ಲರಿಗಿಂತ ಮೊದಲು ಅಲ್ಲಿಗೆ ಹೋಗಿ, ಹೊಸ್ತಿಲಿನ ಉದ್ದಕ್ಕೆ ಬೈರಾಸು ಹಾಸಿ, ಇನ್ನೂ ಅಳುತ್ತಿದ್ದ ಧೃತಿಯನ್ನು ಮಲಗಿಸಿದಳು. ಈ ಬದಿಗೆ ಅವಳು ಕೂತಳು, ಆ ಬದಿಗೆ ನಾನು.

"ಹೋಗಿ ಸರ್, ದಾಟಿ ಹೋಗಿ. ಕೂಸು ಬೆಳೆಯುವುದಿಲ್ಲ ಅನ್ನುವುದೆಲ್ಲ ಮೂಢನಂಬಿಕೆ ಅಲ್ವಾ?"

ಮುಂದೆ ಬಂದವರು ನಿಂತರು. ಹಿಂದಿನವರು ಬಂದು ಅವರ ಬೆನ್ನಿಗೆ ಡಿಕ್ಕಿ ಹೊಡೆದು ನಿಂತರು. ಒಬ್ಬಳು ಸೀರೆಯ ನೆರಿಗೆ ಎತ್ತಿದಳು, ಕೆಳಗೆ ನೋಡಿದಳು, ಬಿಟ್ಟಳು.

"ಯಾರಾದರೂ ಆ ಮಗುವನ್ನು ಎತ್ತಿ ಮಾರಾಯ್ರೆ!" ನೆವಿಲ್ ಹಿಂದಿನಿಂದ ಕೂಗಿದರು.

ಗವಸು ಎಲ್ಲರೂ ಕಳಚಿಯಾಗಿತ್ತು. ಬರಿಗೈಯಲ್ಲಿ ಮುಟ್ಟಲು ಒಬ್ಬರೂ ಬಗ್ಗಲಿಲ್ಲ.

"ಜೀಪು ಕಳಿಸಿ ಬಾಟ್ಲಿ ತರಿಸಿ," ಎಂದಳು ಅಕ್ಕ. "ಇವಳ ಎದುರು ಒಡೀರಿ. ಆಮೇಲೆ ಎತ್ತುತ್ತೇನೆ."

ಕರುಣಾಕರ ಜನರನ್ನು ನೂಕಿಕೊಂಡು ಬಂದ. "ಏಳೇ! ನನ್ನ ಮರ್ಯಾದೆ ತೆಗಿಲಿಕ್ಕೆ ಬಂದದ್ದಾ?"

"ದಾಟು ಬೇವರ್ಸಿ," ಎಂದೆ. "ದಾಟಿ ನೋಡು."

ಬೂಟಿನ ಕಾಲು ಎತ್ತಿದ. ಪ್ಯಾಂಟಿನ ಅಂಚಿನಲ್ಲಿ ಸಾಂಬಾರು ಇನ್ನೂ ಒಣಗಿರಲಿಲ್ಲ. ಎತ್ತಿದ ಕಾಲು ಧೃತಿಯ ಹೊಟ್ಟೆಯ ಮೇಲೆ ಗಾಳಿಯಲ್ಲಿ ನಿಂತಿತು. ಅವಳು ಅಳು ನಿಲ್ಲಿಸಿ, ಕಣ್ಣೆದುರು ಜೋತಾಡುತ್ತಿದ್ದ ಲೇಸನ್ನು ಬಿಗಿಯಾಗಿ ಹಿಡಿದುಕೊಂಡಳು.