ಕಿವಿಯಲ್ಲಿ ಹೇಳಿದ ಊರು

ಫ್ಲಾವಿಯಾ ಮೂರನೇ ಸಲ ಹೇಳಿದಳು, ಮೂರನೇ ಸಲವೂ ಅವರಿಗೆ ಕೇಳಿಸಲಿಲ್ಲ. ಸೆಪ್ಟೆಂಬರಿನ ಶನಿವಾರ ಬೆಳಿಗ್ಗೆ ನಮ್ಮ ಝಾನ್ ತಾಲೊ ಮಾರುಕಟ್ಟೆಯಲ್ಲಿ ಯಾರ ಮಾತು ಯಾರಿಗೆ ಕೇಳಿಸುತ್ತದೆ? ಮಾಂಟ್ರಿಯಲ್ಲಿನ ಇಟಲಿಯವರೆಲ್ಲ ವರ್ಷಕ್ಕಾಗುವಷ್ಟು ಟೊಮ್ಯಾಟೊ ಕಾಯಿಸಿ ಬಾಟಲಿಗೆ ತುಂಬಿಡುವ ವಾರ ಅದು. ಬುಟ್ಟಿ ಹೊತ್ತವರು ದಾರಿ ಬಿಡಿ ಎಂದು ಅರಚುತ್ತಿದ್ದರು. ಅವಳ ಎದುರಿಗೆ ಹದಿನಾಲ್ಕು ಮುದುಕಿಯರು ಬಾಯಿ ತೆರೆದುಕೊಂಡು ನಿಂತಿದ್ದರು. ಗಾಸ್ಪೆ ಕಡಲತೀರದ ಮೀನುಗಾರರ ವಿಧವೆಯರು, ಮಾಂಟ್ರಿಯಲ್ ನೋಡಬೇಕೆಂದು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದವರು.

ಊರು ತೋರಿಸಬೇಕಾಗಿದ್ದವನು ಫ್ಲಾವಿಯಾಳ ಅಪ್ಪ ಒರೆಸ್ತೆ. ಅವನು ಬುಧವಾರವೇ ತೀರಿಕೊಂಡಿದ್ದ. ಗಡಿಬಿಡಿಯಲ್ಲಿ ಈ ಗುಂಪಿಗೆ ತಿಳಿಸುವುದು ಮರೆತೇಹೋಗಿತ್ತು. ಬೇಗ ಹೋಗಿ ವಾಪಸ್ಸು ಕಳಿಸಿ ಬಾ, ಹತ್ತು ನಿಮಿಷದ ಕೆಲಸ ಎಂದು ಅಣ್ಣ ದಾರಿಯೊ ಅವಳನ್ನು ಅಟ್ಟಿದ್ದ.

"ಸ್ವಲ್ಪ ಗಟ್ಟಿಯಾಗಿ ಹೇಳಮ್ಮ," ಎಂದಳು ಗುಂಪಿನ ಯಜಮಾನಿ ಎಡ್ವಿಜ್. "ಒರೆಸ್ತೆ ಎಲ್ಲಿ? ಇನ್ನೂ ಎದ್ದಿಲ್ವಾ?"

ಫ್ಲಾವಿಯಾ ಹತ್ತಿರ ಹೋಗಿ ಅವಳ ಕಿವಿಯಲ್ಲಿ ಹೇಳಿದಳು. "ಪಪ್ಪಾ ಹೋಗ್ಬಿಟ್ರು. ಹನ್ನೊಂದಕ್ಕೆ ಚರ್ಚಿನಲ್ಲಿ ಪೂಜೆ, ಆಮೇಲೆ ಮಣ್ಣು."

ಎಡ್ವಿಜ್ ತಿರುಗಿ, ದೋಣಿಯಿಂದ ದೋಣಿಗೆ ಕೂಗುವ ಗಂಟಲಿನಲ್ಲಿ ಉಳಿದವರಿಗೆ ಸುದ್ದಿ ಮುಟ್ಟಿಸಿದಳು. ಹದಿನಾಲ್ಕು ಕೈಗಳು ಶಿಲುಬೆಯ ಗುರುತು ಹಾಕಿಕೊಂಡವು. ಇನ್ನು ಗೊಣಗಾಟ ಶುರುವಾಗುತ್ತದೆ ಎಂದು ಫ್ಲಾವಿಯಾ ಕಾದಳು. ಅವರು ತಲೆಗೆ ತಲೆ ಸೇರಿಸಿ ಏನೋ ಮಾತಾಡಿಕೊಂಡರು.

"ಚರ್ಚಿಗೆ ದಾರಿ ತೋರ್ಸು," ಎಂದಳು ಎಡ್ವಿಜ್. "ಸಾವಿನ ಮನೆ ದಾಟ್ಕೊಂಡು ಊರು ನೋಡಕ್ಕೆ ಹೋಗೋ ಜನ ಅಲ್ಲ ನಾವು."

ಹೀಗೆ ಮೆರವಣಿಗೆ ಹೊರಟಿತು. ದಾರಿಯುದ್ದಕ್ಕೂ ಮುದುಕಿಯರು ಅದೇನು, ಇದೇನು ಎಂದು ಕೇಳುತ್ತಲೇ ಇದ್ದರು. ಫ್ಲಾವಿಯಾ ಪಕ್ಕದಲ್ಲಿದ್ದವಳಿಗೆ ಉತ್ತರ ಹೇಳುತ್ತಿದ್ದಳು, ಹಿಂದಿನವರು "ಏನಂದ್ಲು? ಏನಂದ್ಲು?" ಎನ್ನುತ್ತಿದ್ದರು.

* * *

ಒರೆಸ್ತೆಯದು ಗಂಟಲು ಅಂದರೆ ಗಂಟಲು. ಮೂವತ್ತೊಂದು ವರ್ಷ ಅದನ್ನೇ ನಂಬಿ ಬದುಕಿದ. ಬಂದರಿನ ಗಡಿಯಾರದ ಗೋಪುರದ ಕೆಳಗೆ ಅವನು ಬಾಯಿ ತೆರೆದರೆ ಆಚೆ ಗುಂಪಿನ ಪ್ರವಾಸಿಗರು ತಮ್ಮ ಗೈಡನ್ನು ಬಿಟ್ಟು ಇತ್ತ ತಿರುಗುತ್ತಿದ್ದರು.

ಮೂರು ವರ್ಷದ ಹಿಂದೆ, ಬೆಟ್ಟದ ಮೇಲಿನ ಕಟಾಂಜನದ ಬಳಿ, ಇಡೀ ಊರನ್ನು ಕೆಳಗೆ ಹರಡಿಕೊಂಡು ನಿಂತಿದ್ದ. "ಇದೋ ನೋಡಿ, ನಮ್ಮ..." ಎಂದು ನದಿಯತ್ತ ಕೈ ಚಾಚಿದವನು ಅಲ್ಲೇ ನಿಂತುಬಿಟ್ಟ. ನದಿ ಇದ್ದಲ್ಲೇ ಇತ್ತು, ಹೆಸರು ಮಾತ್ರ ಬಾಯಿಗೆ ಬರಲಿಲ್ಲ. ಮೂವತ್ತು ಮುಖಗಳು ಅವನನ್ನೇ ನೋಡುತ್ತಿದ್ದವು.

ಫ್ಲಾವಿಯಾ ಆ ದಿನ ಬಂದಿದ್ದು ಕೊಡೆ, ನೀರಿನ ಬಾಟಲಿ ಹಿಡಿದುಕೊಳ್ಳಲಿಕ್ಕೆ. ಅವಳೂ ಗೈಡ್ ಪರೀಕ್ಷೆ ಪಾಸು ಮಾಡಿದವಳೇ. ಆದರೆ ಎದುರಿಗೆ ನಾಲ್ಕು ಜನಕ್ಕಿಂತ ಹೆಚ್ಚು ನಿಂತರೆ ಅವಳ ಧ್ವನಿ ಗಂಟಲಲ್ಲೇ ಹೂತುಹೋಗುತ್ತಿತ್ತು, ಪರವಾನಗಿ ಹನ್ನೊಂದು ವರ್ಷದಿಂದ ಮೇಜಿನ ಖಾನೆಯಲ್ಲಿ ಬಿದ್ದಿತ್ತು. ಅವಳು ಅರ್ಧ ಹೆಜ್ಜೆ ಮುಂದೆ ಬಂದು ಅಪ್ಪನ ಕಿವಿಯಲ್ಲಿ, "ಸೇಂಟ್ ಲಾರೆನ್ಸ್," ಎಂದಳು.

"ಸೇಂಟ್ ಲಾರೆನ್ಸ್!" ಎಂದು ಒರೆಸ್ತೆ ಗುಡುಗಿದ, ಮದುವೆಮನೆಯಲ್ಲಿ ಭಾವಮೈದುನನನ್ನು ಪರಿಚಯ ಮಾಡಿಕೊಡುವವನ ಹಾಗೆ. ಜನ ಚಪ್ಪಾಳೆ ತಟ್ಟಿದರು.

ಎಲ್ಲರೂ ಹೋದ ಮೇಲೆ ಅವನು ಮೆಟ್ಟಿಲ ಮೇಲೆ ಕುಸಿದು ಕೂತ. "ಯಾರಿಗೂ ಹೇಳ್ಬೇಡ ಮಗಳೇ. ದಾರಿಯೊಗೂ ಬೇಡ. ಗೊತ್ತಾದ್ರೆ ಮನೇಲಿ ಕೂರಿಸ್ತಾನೆ."

"ಹೇಳಲ್ಲ ಪಪ್ಪಾ."

"ನಂಗೆ ಗಂಟಲಿದೆ, ನಿಂಗೆ ತಲೆ ಇದೆ. ಇಬ್ರೂ ಸೇರಿದ್ರೆ ಒಬ್ಬ ಗೈಡ್ ಆಗಲ್ವಾ?"

ಆದರು. ಮೊದಲ ವರ್ಷ ಅವನು ಇಸವಿಗಳನ್ನು ಮರೆತ, ಎರಡನೇ ವರ್ಷ ಹೆಸರುಗಳನ್ನೆಲ್ಲ. ಕೊನೆಯ ಬೇಸಿಗೆಯಲ್ಲಂತೂ "ಎಲ್ಲರಿಗೂ ಸ್ವಾಗತ" ಎನ್ನುವುದನ್ನೂ ಅವಳೇ ಹೇಳಿಕೊಡಬೇಕಿತ್ತು. ಅವಳು ಪಿಸುಗುಟ್ಟುವಳು, ಅವನು ಕೂಗುವನು. ಪಾಪ, ಕೊಡೆ ಹಿಡಿದುಕೊಂಡೇ ಮಗಳ ಆಯುಷ್ಯ ಕಳೆಯಿತು ಎಂದು ನಾವೆಲ್ಲ ಮಾತಾಡಿಕೊಂಡಿದ್ದೇವೆ. ಅವಳಿಗೋ ಅಷ್ಟು ಸಂತೋಷದ ದಿನಗಳು ಹಿಂದೆಂದೂ ಬಂದಿರಲಿಲ್ಲ.

* * *

ಚರ್ಚಿನ ಬಾಗಿಲಲ್ಲಿ ದಾರಿಯೊ ಹೌಹಾರಿದ. "ವಾಪಸ್ ಕಳ್ಸು ಅಂದ್ರೆ ದಿಬ್ಬಣ ಕಟ್ಕೊಂಡ್ ಬಂದಿದ್ದೀಯಲ್ಲೇ."

"ಬರ್ಲಿ ಬಿಡೋ," ಎಂದಳು ಸತ್ತವನ ತಂಗಿ ಪೀನಾ ಅತ್ತೆ. ಅವಳು ಒಲೆ ಮೇಲಿನ ಹಂಡೆಯನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ ಬಂದಿದ್ದಳು. "ಅರ್ಧ ಬೀದಿ ಟೊಮ್ಯಾಟೊ ಮುಂದೆ ಕೂತಿದೆ, ಬೆಂಚು ತುಂಬೋದಾದ್ರೂ ಬೇಡ್ವಾ? ವರ್ಷಕ್ಕೆ ಐವತ್ತೆರಡು ವಾರ ಇದೆ. ನಮ್ಮಣ್ಣನಿಗೆ ಸಾಯಕ್ಕೆ ಇದೇ ವಾರ ಬೇಕಿತ್ತು ನೋಡು." ಇಷ್ಟು ಹೇಳಿ ಗೊಳೋ ಎಂದು ಅತ್ತಳು. ಎಡ್ವಿಜ್ ಅವಳ ಪಕ್ಕದಲ್ಲೇ ಕೂತು ಕೈ ಹಿಡಿದುಕೊಂಡಳು.

ಪೂಜೆ ಮುಗಿದು ಜನ ಹೊರಗೆ ಬಂದಾಗ ದಾರಿಯೊ ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ: ಸೋಮವಾರದಿಂದ ಫ್ಲಾವಿಯಾ ತನ್ನ ಟೈಲ್ಸ್ ಅಂಗಡಿಗೆ ಬರುತ್ತಾಳೆ, ಅಪ್ಪನ ಕೆಲಸ ಅಪ್ಪನ ಜೊತೆಗೇ ಮುಗಿಯಿತು. ಅವನೇನು ಕೆಟ್ಟವನಲ್ಲ. ನಲವತ್ತೆರಡು ದಾಟಿದ ತಂಗಿಗೆ ಒಂದು ನೆಲೆ ಆಗಲಿ ಎಂಬ ಆಸೆ ಅವನದು. ಫ್ಲಾವಿಯಾ ಗುರುವಾರವೇ ಹೂಂ ಅಂದಿದ್ದಳು. ಗಂಟಲಿಲ್ಲದ ಗೈಡನ್ನು ಯಾರು ಕರೆಯುತ್ತಾರೆ? ಆದರೆ ಈಗ ಅದು ನಾಲ್ಕು ಜನರ ಕಿವಿಗೆ ಬೀಳುತ್ತಲೇ ಅವಳು ಗುಂಪಿನಿಂದ ದೂರ ಸರಿದು ನಿಂತಳು. ಅವಳಿಗೆ ಟೈಲ್ಸ್ ಬೇಡವಾಗಿತ್ತು. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಅವಳಿಗೆ ಬೇಕಾಗಿದ್ದು ಒಂದೇ, ಈ ಊರನ್ನು ಬಂದವರಿಗೆ ತೋರಿಸುವುದು.

ಬೆಟ್ಟದ ಹಿಂಬದಿಯ ಸ್ಮಶಾನದವರೆಗೂ ಮುದುಕಿಯರ ಬಸ್ಸು ಹಿಂದೆ ಬಂತು. ಮಣ್ಣು ಹಾಕಿದ್ದಾಯಿತು. ಬಂಧುಗಳು ಕಾರುಗಳತ್ತ ನಡೆದರು. ಎಡ್ವಿಜ್ ಫ್ಲಾವಿಯಾಳ ತೋಳು ಹಿಡಿದು ನಿಲ್ಲಿಸಿದಳು.

"ಎರಡು ವರ್ಷದ ಹಿಂದೆ ನಾನು ಬಂದಿದ್ದೆ. ಮುಂದಿನ ಸಾಲಲ್ಲೇ ಇದ್ದೆ. ಮೊದ್ಲು ನಿನ್ನ ತುಟಿ ಅಲ್ಲಾಡೋದು, ಆಮೇಲೆ ನಿಮ್ಮಪ್ಪನ ಬಾಯಿ."

ಫ್ಲಾವಿಯಾ ಬಿಳಿಚಿಕೊಂಡಳು.

"ಕಡಲ ಗಾಳೀಲಿ ಮಾತೆಲ್ಲಿ ಕೇಳ್ಸುತ್ತೆ? ದೋಣಿ ಮೇಲಿರೋರ ತುಟಿ ನೋಡೇ ತಿಳ್ಕೊಳ್ಳೋರು ನಾವು. ಇವ್ರನ್ನೆಲ್ಲ ಹೊರಡ್ಸಿದ್ದು ನಾನೇ. ಆ ಹುಡುಗಿಗೆ ಇಡೀ ಊರು ಗೊತ್ತು ಕಣ್ರೇ, ಬನ್ನಿ ಅಂತ."

"ದಯವಿಟ್ಟು ಅಣ್ಣನಿಗೆ ಹೇಳ್ಬೇಡಿ," ಎಂದಳು ಫ್ಲಾವಿಯಾ. ಅಪ್ಪನಿಗೆ ಕೊಟ್ಟ ಮಾತು ಇನ್ನೂ ಅವಳ ತಲೆಯಲ್ಲಿತ್ತು.

ಅಷ್ಟರಲ್ಲಿ ಹಿಂದಿನಿಂದ ಒಬ್ಬಳು ಮರಗಳ ಆಚೆ ಕೈ ತೋರಿಸಿ, ಆ ದೊಡ್ಡ ಗುಮ್ಮಟ ಯಾವುದು ಎಂದು ಕೇಳಿದಳು.

ಫ್ಲಾವಿಯಾಳ ಕತ್ತು ತನ್ನಷ್ಟಕ್ಕೆ, ಅಪ್ಪನ ಕಿವಿ ಇರುತ್ತಿದ್ದ ಬಲಕ್ಕೆ ಹೊರಳಿತು. "ಸೇಂಟ್ ಜೋಸೆಫರ ದೇಗುಲ," ಎಂದು ಪಿಸುಗುಟ್ಟಿ, ಅವಳು ಕಾದಳು.

ಯಾರೂ ಕೂಗಲಿಲ್ಲ. ಮೇಪಲ್ ಎಲೆಗಳು ಸರಸರ ಎಂದವು. ಬಲಗಡೆ ಖಾಲಿ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಬುಧವಾರದಿಂದ ಬಾರದ ಅಳು ಅವಳಿಗೆ ಈಗ ಬಂತು. ಕಾರಿನ ಬಾಗಿಲು ತೆರೆದು ನಿಂತಿದ್ದ ದಾರಿಯೊ ತಂಗಿಯನ್ನೂ ಅವಳ ಪಕ್ಕದ ಖಾಲಿ ಜಾಗವನ್ನೂ ನೋಡಿದ. ಮೂರು ವರ್ಷ ಕಣ್ಣೆದುರೇ ನಡೆದದ್ದು ಅವನಿಗೆ ಆ ಕ್ಷಣ ಅರ್ಥವಾಯಿತು. ಅವನು ಬಾಗಿಲು ಮುಚ್ಚಿ ಹತ್ತಿರ ಬಂದ.

"ಏನಂದ್ಲು?" ಎಂದು ಹಿಂದಿನಿಂದ ಕೇಳಿತು.

ಫ್ಲಾವಿಯಾ ಕಣ್ಣೊರೆಸಿಕೊಂಡಳು. ಅಪ್ಪ ನಿಲ್ಲುತ್ತಿದ್ದ ಕಡೆಗೆ ಅರ್ಧ ಹೆಜ್ಜೆ ಸರಿದು ನಿಂತಳು.

"ಸೇಂಟ್ ಜೋಸೆಫರ ದೇಗುಲ." ಧ್ವನಿ ಒಡೆಯಿತು. ಉಸಿರೆಳೆದುಕೊಂಡು ಮತ್ತೆ ಹೇಳಿದಳು, ಈ ಸಲ ಗಟ್ಟಿಯಾಗಿ. "ಶುರು ಮಾಡಿದ್ದು ರಾಜನೂ ಅಲ್ಲ, ಬಿಷಪ್ಪನೂ ಅಲ್ಲ. ಶಾಲೆ ಬಾಗಿಲು ಕಾಯ್ತಿದ್ದ ಒಬ್ಬ ಸನ್ಯಾಸಿ. ಮೊದ್ಲು ಒಂದು ಪುಟ್ಟ ಗುಡಿ ಕಟ್ಟಿದ್ರು, ಒಳಗೆ ಹತ್ತು ಜನ ಹಿಡಿದ್ರೆ ಹೆಚ್ಚು..."

ಕೊನೆಯ ಸಾಲಿನಲ್ಲಿ ಕಿವಿಗೆ ಅಂಗೈ ಒಡ್ಡಿಕೊಂಡು ನಿಂತಿದ್ದ ಮುದುಕಿ ಮೆಲ್ಲನೆ ಕೈ ಕೆಳಗಿಳಿಸಿದಳು.